ತಗಡು ಮೊದಲು, ಎಂಜಿನ್ ಆಮೇಲೆ: ಹಳೇ ಮಾರುತಿ, ಜಿಪ್ಸಿ, ಹೋಂಡಾ ಕುರಿತ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜಪಾನಿ ಮೂಲದ ಹಳೇ ಕಾರುಗಳನ್ನು ಕಡಿಮೆ ದುಡ್ಡಿಗೆ ಕೊಂಡು ಸರಿಮಾಡಿಕೊಳ್ಳುವ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಹವ್ಯಾಸಕ್ಕೆ ಒಂದು ಹಳೇ ಕಾರು ಕೊಂಡು ಕೈಯಾರೆ ಸರಿಮಾಡಬೇಕೆಂಬ ಆಸೆ. ಎಲ್ಲ ಸೇರಿ ಒಂದೂಕಾಲು ಲಕ್ಷ ಮೀರಬಾರದು. 1994ರ ಮಾರುತಿ 800 ಒಂದು 35 ಸಾವಿರಕ್ಕೆ, 1999ರ ಹೋಂಡಾ ಸಿಟಿ ಒಂದು 60 ಸಾವಿರಕ್ಕೆ ಸಿಗುತ್ತಿವೆ. ಯಾವುದನ್ನು ತೆಗೆದುಕೊಳ್ಳಲಿ? (ಹಾವೇರಿಯ ಓದುಗರು)

ಮೊದಲ ಗಾಡಿಗೆ 800 ತೆಗೆದುಕೊಳ್ಳಿ. ಅದರ ಮೂರು ಸಿಲಿಂಡರಿನ 796 ಸಿಸಿ ಎಫ್8ಬಿ ಎಂಜಿನ್ 1983ರಿಂದ 2014ರವರೆಗೆ 800ರಲ್ಲೂ, 2019ರವರೆಗೆ ಓಮ್ನಿಯಲ್ಲೂ ಓಡಿತು. ಹಾಗಾಗಿ ಪಿಸ್ಟನ್, ರಿಂಗ್, ಬೇರಿಂಗ್, ವಾಟರ್ ಪಂಪ್ ತಾಲ್ಲೂಕು ಮಟ್ಟದ ಅಂಗಡಿಯಲ್ಲೂ ಸಿಗುತ್ತವೆ. ಸಿಟಿಯ ಎಂಜಿನ್ ಇನ್ನೂ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಹೆಡ್‌ಲೈಟ್, ಡೋರ್ ರಬ್ಬರ್, ಬಂಪರ್ ಹುಡುಕುವುದರಲ್ಲೇ ನಿಮ್ಮ ವರ್ಷ ಕಳೆದುಹೋಗುತ್ತದೆ.

ಗಾಡಿ ನೋಡಲು ಬೆಳಗ್ಗೆಯೇ ಹೋಗಿ. ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿರಿ. ಹೋದವರೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂದು ತಿಳಿಯಿರಿ. ಎಂಜಿನ್ನಿಗೆ ಹತ್ತು ನಿಮಿಷ ಕೊಟ್ಟರೆ ತಗಡಿಗೆ ಮುಕ್ಕಾಲು ಗಂಟೆ ಕೊಡಿ. ರಿಂಗ್ ಸವೆದ ಎಂಜಿನ್ನನ್ನು ಲ್ಯಾತ್ ಅಂಗಡಿಯವರು ಒಂದು ವಾರದಲ್ಲಿ ಸರಿಮಾಡುತ್ತಾರೆ, ಕೊಳೆತ ಬಾಡಿ ತಿಂಗಳುಗಟ್ಟಲೆ ದುಡ್ಡು ನುಂಗುತ್ತದೆ. ಮುಂದಿನ ಮ್ಯಾಟ್ ಎತ್ತಿ ಪ್ಲಾಟ್‌ಫಾರ್ಮನ್ನು (ಕಾಲಿಡುವ ತಳದ ತಗಡನ್ನು) ಹೆಬ್ಬೆರಳಿನಿಂದ ಒತ್ತಿ. ಬ್ಯಾಟರಿ ಟ್ರೇ ಕೆಳಗೆ, ವೈಪರ್ ಬುಡದಲ್ಲಿ ಎಲೆ ಸಿಕ್ಕಿಕೊಳ್ಳುವ ಕಡೆ, ರನ್ನಿಂಗ್ ಬೋರ್ಡಿನ (ಬಾಗಿಲ ಕೆಳಗಿನ ಟೊಳ್ಳು ಅಂಚಿನ) ತಳದಲ್ಲಿ, ಹಿಂದಿನ ಚಕ್ರದ ಕಮಾನಿನ ಒಳಬದಿಯಲ್ಲಿ ಟಾರ್ಚ್ ಹಾಕಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಮುಂದಿನ ಲೋವರ್ ಆರ್ಮ್ ಬೋಲ್ಟ್ ಕೂರುವ ಜಾಗ ನೋಡಬೇಕು. ಅಲ್ಲಿ ತಗಡು ಪದರ ಪದರವಾಗಿ ಏಳುತ್ತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿ. ಬಾಗಿಲಿನ ಕೆಳಭಾಗಕ್ಕೂ ಫೆಂಡರಿಗೂ ಅದನ್ನು ಹಿಡಿದಾಗ ಜಾರಿಬಿದ್ದರೆ ಅಲ್ಲಿ ತಗಡಿನ ಬದಲು ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದು ಹೊಸದಾಗಿ ಪೇಂಟ್ ಹೊಡೆದ ಹಳೇ ಕಾರಿಗೆ ಅಕ್ಷರಶಃ ಹೊಂದುತ್ತದೆ. ಬಣ್ಣ ಮಾಸಿದ, ಆದರೆ ಯಾರೂ ಕೈಹಾಕದ ಗಾಡಿಯೇ ಒಳ್ಳೆಯ ವ್ಯಾಪಾರ.

ಎಂಜಿನ್ನಿನಲ್ಲಿ ನೋಡಬೇಕಾದ್ದು ಹೊಗೆ. ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಒಮ್ಮೆ ರೇಸ್ ಮಾಡಿದಾಗ ಒಂದೇ ಉಸಿರು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಹೋಗಿದೆ, ಅದು ಸಣ್ಣ ಖರ್ಚು. ಏರಿನಲ್ಲಿ ಎಳೆಯುವಾಗ ಬಿಡದೆ ನೀಲಿ ಹೊಗೆ ಬಂದರೆ ರಿಂಗ್ ಕೆಲಸ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಜಿಡ್ಡಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇರಲಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಚಲಿಸಿದಾಗ ಟಕ್ ಟಕ್ ಎಂದರೆ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್ ಸವೆದಿದೆ. ಇವೆಲ್ಲ ಬೆಲೆ ಇಳಿಸಲು ಕಾರಣಗಳೇ ಹೊರತು ಗಾಡಿ ಬಿಡಲು ಕಾರಣಗಳಲ್ಲ.

35 ಸಾವಿರ ಗಾಡಿಗೆ ಹೋದ ಮೇಲೆ ಉಳಿದ 90 ಸಾವಿರದಲ್ಲಿ ಅರ್ಧವನ್ನು ಟಿಂಕರಿಂಗ್ ಮತ್ತು ಪೇಂಟಿಂಗ್‌ಗೆ ಎತ್ತಿಡಿ. ಮಿಕ್ಕಿದ್ದರಲ್ಲಿ ಬ್ರೇಕ್ ಮತ್ತು ಟೈರ್ ಮೊದಲು, ಸೀಟ್ ಕವರ್ ಕೊನೆಗೆ.

ಪ್ರಶ್ನೆ: ನನ್ನ 800ರ ಪ್ಲಾಟ್‌ಫಾರ್ಮಿನಲ್ಲಿ ಅಂಗೈ ಅಗಲದ ಎರಡು ತೂತುಗಳಿವೆ. ಎರಡು ವರ್ಷದ ಹಿಂದೆ ತಗಡು ಬೆಸೆದಿದ್ದರು, ಅದರ ಸುತ್ತಲೂ ಮತ್ತೆ ತುಕ್ಕು. ಫೈಬರ್ ಹಾಕಿಸಿ ಅನ್ನುತ್ತಾರೆ. (ಕುಂದಾಪುರದ ಓದುಗರು)

ಫೈಬರ್ ಬೇಡ. ತುಕ್ಕಿನ ಮೇಲೆ ಫೈಬರ್ ಹಾಕಿದರೆ ಅದರಡಿ ನೀರು ನಿಂತು ಮೊದಲಿಗಿಂತ ಬೇಗ ತಿನ್ನುತ್ತದೆ. ನಿಮ್ಮ ಹಳೇ ತೇಪೆ ಕೆಟ್ಟಿದ್ದಕ್ಕೆ ಕಾರಣ ಬಹುಶಃ ಗ್ಯಾಸ್ ವೆಲ್ಡಿಂಗ್. ಅದರ ಬಿಸಿ ಸುತ್ತಲಿನ ಒಳ್ಳೆಯ ತಗಡಿನ ಪ್ರೈಮರನ್ನೂ ಸುಟ್ಟು ಬರಿದು ಮಾಡುತ್ತದೆ. ಕರಾವಳಿಯ ಉಪ್ಪುಗಾಳಿಗೆ ಅಷ್ಟು ಸಾಕು.

ಕೆಲಸದ ಕ್ರಮ ಹೀಗೆ. ಬ್ಯಾಟರಿ ತಂತಿ ಬಿಚ್ಚಿ, ಸೀಟು ಮತ್ತು ಕಾರ್ಪೆಟ್ ತೆಗೆಯಿರಿ. ಪ್ಲಾಟ್‌ಫಾರ್ಮಿಗೆ ಕಂಪನಿಯವರು ಅಂಟಿಸಿದ ಟಾರಿನಂಥ ಹಾಳೆ ಇರುತ್ತದೆ. ಅದನ್ನು ಸ್ಕ್ರೇಪರಿನಿಂದ ಪೂರ್ತಿ ಎಬ್ಬಿಸಲೇಬೇಕು, ಅರ್ಧ ತುಕ್ಕು ಅದರ ಕೆಳಗೇ ಅಡಗಿರುತ್ತದೆ. ಆಮೇಲೆ ತಂತಿ ಬ್ರಷ್ ಚಕ್ರ ಹಾಕಿ ತುಕ್ಕಿನ ಅಂಚು ಎಲ್ಲಿಯವರೆಗಿದೆ ಎಂದು ಕಂಡುಕೊಂಡು, ಹೊಳೆಯುವ ತಗಡು ಸಿಕ್ಕ ಕಡೆಯಿಂದ ಇನ್ನೂ 25 ಮಿ.ಮೀ. ಆಚೆಗೆ ಗೆರೆ ಎಳೆದು ಕತ್ತರಿಸಿ. ಅಂಗೈ ಅಗಲದ ತೂತು ಕತ್ತರಿಸಿದ ಮೇಲೆ ಊಟದ ತಟ್ಟೆಯಷ್ಟಾಗುತ್ತದೆ, ಗಾಬರಿ ಬೇಡ.

ತೇಪೆಗೆ 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ತಗಡು ತನ್ನಿ, ದಪ್ಪ 0.9 ಮಿ.ಮೀ. ಇರುತ್ತದೆ. ಗ್ರಿಲ್ ಅಂಗಡಿಯ ದಪ್ಪ ತಗಡು ಬೇಡ. ಬೆಸೆಯುವಾಗ ತೆಳು ತಗಡು ಕರಗಿ ದಪ್ಪದ್ದಕ್ಕೆ ಹಿಡಿಯುವುದೇ ಇಲ್ಲ. ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ ಕೂರಿಸಿ ನೋಡಿ. ಮಿಗ್ ವೆಲ್ಡಿಂಗ್‌ನಲ್ಲಿ (ತಾನೇ ಬರುವ ತಂತಿಯನ್ನು ಕರೆಂಟಿನಿಂದ ಕರಗಿಸಿ ಬೆಸೆಯುವ ವಿಧಾನ) ಸುಮಾರು 30 ಮಿ.ಮೀ.ಗೊಂದು ಚುಕ್ಕೆ ಹಾಕಿ, ಒಂದು ಈ ಬದಿ, ಇನ್ನೊಂದು ಎದುರು ಬದಿ ಎಂದು ಜಾಗ ಬದಲಿಸುತ್ತ, ನಡುವೆ ತಣಿಯಲು ಬಿಟ್ಟು ಕೊನೆಗೆ ಚುಕ್ಕೆಗಳನ್ನು ಕೂಡಿಸಬೇಕು. ಒಂದೇ ಎಳೆಯಲ್ಲಿ ಗೆರೆ ಎಳೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಪ್ಲಾಟ್‌ಫಾರ್ಮಿನ ಕೆಳಗೆ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಹಾದುಹೋಗಿವೆ, ಅವನ್ನು ಬಿಚ್ಚಿ ಸರಿಸದೆ ಕಿಡಿ ಹಾರಿಸಬೇಡಿ. ಹಿಂದಿನ ಸೀಟಿನ ಬಳಿ ಕೆಲಸವಿದ್ದರೆ ಟ್ಯಾಂಕನ್ನೇ ಇಳಿಸಿ ದೂರ ಇಡಿ.

ಬೆಸುಗೆ ಉಜ್ಜಿದ ಮೇಲೆ ಎರಡೂ ಬದಿಗೆ ಎಪಾಕ್ಸಿ ಪ್ರೈಮರ್, ಅದು ಒಣಗಿದ ಮೇಲೆ ಅಂಚಿಗೆ ಸೀಮ್ ಸೀಲರ್, ಆಮೇಲೆ ಬಣ್ಣ, ಕೆಳಗಡೆ ಅಂಡರ್‌ಬಾಡಿ ಕೋಟಿಂಗ್. ಈ ಕ್ರಮ ತಪ್ಪಬಾರದು. ಬರಿಯ ತಗಡಿಗೆ ನೇರವಾಗಿ ಕರಿ ಕೋಟಿಂಗ್ ಹೊಡೆಯುವುದೇ ನಮ್ಮಲ್ಲಿ ಹೆಚ್ಚಾಗಿ ಆಗುವ ತಪ್ಪು. ನೀರು ಇಳಿಯುವ ತೂತುಗಳಿಗೆ ರಬ್ಬರ್ ಬಿರಡೆ ಮತ್ತೆ ಹಾಕಿ, ಕೋಟಿಂಗ್‌ನಿಂದ ಮುಚ್ಚಿಬಿಡಬೇಡಿ. ರನ್ನಿಂಗ್ ಬೋರ್ಡಿನ ಟೊಳ್ಳಿನೊಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ಕುಂದಾಪುರದಂಥ ಊರಿನಲ್ಲಿ ಇದನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಡುವುದು ಒಳ್ಳೆಯದು.

ಪ್ರಶ್ನೆ: 1989ರ 800, ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್. ಬೆಳಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಸಿಗ್ನಲ್‌ನಲ್ಲಿ ಆಫ್ ಆಗಿ, ಕಾಲು ಗಂಟೆ ಕಾದರೆ ಮತ್ತೆ ಹೊರಡುತ್ತದೆ. ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿಸಿದ್ದಾಯಿತು. (ಮೈಸೂರಿನ ಓದುಗರು)

ಕಾಯಿಲೆ ಪೆಟ್ರೋಲಿನದೋ ಕರೆಂಟಿನದೋ ಎಂದು ತೀರ್ಮಾನವಾಗುವ ಮೊದಲೇ ಕಾರ್ಬ್ಯುರೇಟರ್ ಬಿಚ್ಚಿದ್ದಾರೆ. ಗಾಡಿ ನಿಂತ ಕೂಡಲೇ, ತಣಿಯಲು ಬಿಡದೆ ಪರೀಕ್ಷಿಸಬೇಕು. ರಸ್ತೆ ಬದಿಗೆ ತಳ್ಳಿಕೊಂಡು ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬ್ಯುರೇಟರಿನ ಬಾಯೊಳಗೆ ನೋಡುತ್ತ ಆಕ್ಸಿಲರೇಟರ್ ಲಿವರ್ ಎಳೆಯಿರಿ. ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಿದರೆ ಪೆಟ್ರೋಲ್ ಬರುತ್ತಿದೆ, ದೋಷ ಇಗ್ನಿಷನ್ನಿನಲ್ಲಿದೆ.

ಫಿಲ್ಟರ್ ಮುಚ್ಚಳ ಹಾಕಿ, ಪೆಟ್ರೋಲ್ ವಾಸನೆ ಹೋದ ಮೇಲೆ, ಕಾಯಿಲಿನ ನಡುವಿನ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರಿನಿಂದ ಎಳೆದು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಎಂಜಿನ್ ಕಬ್ಬಿಣದಿಂದ 6 ಮಿ.ಮೀ. ದೂರ ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಚಟಚಟ ಸದ್ದಿನ ನೀಲಿ ಕಿಡಿ ಬರಬೇಕು. ಹಳದಿಯ ಸಪ್ಪೆ ಕಿಡಿ ಬಂದರೆ, ಅಥವಾ ಬರದೇ ಇದ್ದರೆ, ಮೊದಲು ಕಂಡೆನ್ಸರ್ (ಪಾಯಿಂಟಿನ ಮುಖ ಸುಡದಂತೆ ಕಾಯುವ ಚಿಕ್ಕ ಡಬ್ಬಿ) ಬದಲಿಸಿ. ಕಂಡೆನ್ಸರ್ ಮತ್ತು ಕಾಯಿಲ್ ಎರಡೂ ಬಿಸಿಯಾದಾಗಲೇ ಕೈಕೊಟ್ಟು ತಣಿದಾಗ ಸರಿಹೋಗುವ ಸ್ವಭಾವದವು, ನಿಮ್ಮ ಗಾಡಿಯ ಲಕ್ಷಣವೂ ಅದೇ. ಪಾಯಿಂಟಿನ ಮುಖ ಸುಟ್ಟು ಕುಳಿ ಬಿದ್ದಿದ್ದರೆ ಕಂಡೆನ್ಸರಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಹೊಸ ಪಾಯಿಂಟ್ ಹಾಕಿ ಗ್ಯಾಪನ್ನು ಫೀಲರ್ ಗೇಜಿನಲ್ಲಿ 0.4ರಿಂದ 0.5 ಮಿ.ಮೀ. ನಡುವೆ ಇಡಿ. ಪ್ಲಗ್ ಗ್ಯಾಪ್ 0.7ರಿಂದ 0.8 ಸಾಕು. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ಬದಲಾಗುತ್ತದೆ, ಅದನ್ನೂ ಟೈಮಿಂಗ್ ಲೈಟ್ ಹಿಡಿದು ಮತ್ತೆ ಹೊಂದಿಸಬೇಕು.

ಪೆಟ್ರೋಲ್ ಚಿಮ್ಮದಿದ್ದರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಎರಡು ನಿಮಿಷ ಬಿಡಿ. ಆಗ ಸ್ಟಾರ್ಟ್ ಆದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಸಿಕ್ಕಿಕೊಳ್ಳುತ್ತಿದೆ. ಪಂಪಿಗೂ ಎಂಜಿನ್ನಿಗೂ ನಡುವೆ ಇರಬೇಕಾದ ಫೈಬರ್ ಅಡ್ಡೆ ಇದೆಯೇ ನೋಡಿ. ಹಿಂದೆ ಕೆಲಸ ಮಾಡಿದವರು ಅದನ್ನು ಬಿಟ್ಟು ಬರಿ ಗ್ಯಾಸ್ಕೆಟ್ ಹಾಕಿರುವುದು ಬಹಳ ಸಾಮಾನ್ಯ.

ಇದೇ ಓದುಗರೂ ಇನ್ನೂ ಕೆಲವರೂ ಇ20 (ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ) ಪೆಟ್ರೋಲಿನ ಬಗ್ಗೆ ಕೇಳಿದ್ದಾರೆ. ಹಳೇ ಗಾಡಿಯಲ್ಲಿ ಅದು ಮೊದಲು ಕೆಡಿಸುವುದು ರಬ್ಬರನ್ನು. ಪೆಟ್ರೋಲ್ ಪೈಪುಗಳೂ ಪಂಪಿನ ಡಯಾಫ್ರಾಮೂ ಮೆದುವಾಗಿ ಉಬ್ಬಿ ಬಿರಿಯುತ್ತವೆ. ಎಥನಾಲ್ ತಡೆಯುವ ಇಂಜೆಕ್ಷನ್ ಗಾಡಿಗಳ ಹೋಸ್ ತಂದು ಎಲ್ಲ ಪೈಪನ್ನೂ ಒಮ್ಮೆಗೇ ಬದಲಿಸಿ, ನಡುವೆ ಒಂದು ಪಾರದರ್ಶಕ ಫಿಲ್ಟರ್ ಹಾಕಿ. ಎಥನಾಲ್ ನೀರು ಹೀರುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡಬೇಡಿ. ಇ20ಗೆ ಬರಿಯ ಪೆಟ್ರೋಲಿಗಿಂತ ನೂರಕ್ಕೆ ಏಳೆಂಟು ಪಾಲು ಹೆಚ್ಚು ಇಂಧನ ಬೇಕು. ಪಿಕಪ್ ಸೊರಗಿ, ಪ್ಲಗ್ ತುದಿ ಸುಣ್ಣದಷ್ಟು ಬೆಳ್ಳಗಾಗಿದ್ದರೆ ಕಾರ್ಬ್ಯುರೇಟರಿನ ಮೇನ್ ಜೆಟ್ಟನ್ನು (ಪೆಟ್ರೋಲ್ ಅಳೆದು ಬಿಡುವ ತೂತಿನ ಹಿತ್ತಾಳೆ ತುಂಡನ್ನು) ಒಂದು ಮೆಟ್ಟಿಲು ಏರಿಸಿ. 100 ಸಂಖ್ಯೆಯದು ಇದ್ದರೆ 102.5 ಅಥವಾ 105. ಸೂಜಿ ಹಾಕಿ ತೂತು ದೊಡ್ಡದು ಮಾಡುವುದಂತೂ ಬೇಡವೇ ಬೇಡ.

ಪ್ರಶ್ನೆ: 1999ರ ಹೋಂಡಾ ಸಿಟಿ, ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದರೆ ಸ್ಟಾರ್ಟೇ ಆಗುವುದಿಲ್ಲ, ಸಂಜೆ ಆಗುತ್ತದೆ. (ಬೆಂಗಳೂರಿನ ಓದುಗರು)

ಲಕ್ಷಣ ಮೈಸೂರಿನವರ ಗಾಡಿಯದೇ ಆದರೂ ಕಾರಣ ಬೇರೆ. ಆ ಕಾಲದ ಹೋಂಡಾಗಳಲ್ಲಿ ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡುವ ಮೇನ್ ರಿಲೇಯ ಒಳಗಿನ ಬೆಸುಗೆ ಬಿರುಕು ಬಿಡುತ್ತದೆ. ಕಾರಿನೊಳಗೆ ಬಿಸಿ ಏರಿದಾಗ ಆ ಬಿರುಕು ಬಾಯಿಬಿಡುತ್ತದೆ. ಬಿಸಿಲಲ್ಲಿ ನಿಂತಾಗಲೇ ಕೀ ಆನ್ ಮಾಡಿ ಕಿವಿಗೊಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಬರದಿದ್ದರೆ ರಿಲೇಯನ್ನು ಹಿಡಿಯಿರಿ. ಡ್ಯಾಶ್‌ಬೋರ್ಡ್ ಕೆಳಗಿನಿಂದ ಅದನ್ನು ಬಿಚ್ಚಿ, ಡಬ್ಬಿ ತೆರೆದು, ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನಿನ ಸುತ್ತ ಉಂಗುರದಂಥ ಕೂದಲೆಳೆ ಬಿರುಕು ಕಾಣುತ್ತದೆ. ಹಳೇ ಸೀಸ ತೆಗೆದು 60/40 ಸೋಲ್ಡರಿನಲ್ಲಿ ಎಲ್ಲ ಪಿನ್ನುಗಳನ್ನೂ ಹೊಸದಾಗಿ ಬೆಸೆಯಿರಿ. ಪಂಪ್ ಸದ್ದು ಬಂದೂ ಸ್ಟಾರ್ಟ್ ಆಗದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ಇಗ್ನೈಟರ್ ನೋಡಿಸಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂದು ಗೊತ್ತಿಲ್ಲದಿದ್ದರೆ ಇವತ್ತೇ ಬದಲಿಸಿ. ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಪ್ರಶ್ನೆ: ತೋಟದ ಕೆಲಸಕ್ಕೆಂದು ಕೊಂಡ ಹಳೇ ಜಿಪ್ಸಿ, 60ರ ವೇಗದಲ್ಲಿ ಗುಂಡಿ ಹಾರಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ. ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿದರೂ ಎರಡೇ ತಿಂಗಳಲ್ಲಿ ಮತ್ತೆ ಅದೇ. (ಚಿಕ್ಕಮಗಳೂರಿನ ಓದುಗರು)

ಡ್ಯಾಂಪರ್ ನಡುಕವನ್ನು ಮರೆಮಾಡುತ್ತದೆ, ನಿಲ್ಲಿಸುವುದಿಲ್ಲ. ಜಿಪ್ಸಿಯ ಮುಂದಿನ ಗಟ್ಟಿ ಆಕ್ಸಲಿನ ಎರಡು ತುದಿಗೂ ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಬೇರಿಂಗ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲಿನದು) ಇದೆ, ಒಟ್ಟು ನಾಲ್ಕು. ಹತ್ತರಲ್ಲಿ ಎಂಟು ಗಾಡಿಗಳ ರೋಗ ಅಲ್ಲೇ ಎನ್ನಬಹುದು. ಆದರೂ ಸುಲಭದ್ದನ್ನು ಮೊದಲು ನೋಡಿ: ಎರಡೂ ಮುಂದಿನ ಟೈರ್ ಒಂದೇ ಬಗೆಯವೇ, ಸವೆತ ಒಂದೇ ಸಮವೇ, ಬ್ಯಾಲೆನ್ಸ್ ಆಗಿವೆಯೇ, ಟೈ ರಾಡ್ ಎಂಡ್ ಆಡುತ್ತಿವೆಯೇ, ಪಟ್ಟಾ (ಪದರದ ಸ್ಪ್ರಿಂಗ್) ಶಾಕಲ್ ಬುಶ್ ಹೋಗಿದೆಯೇ.

ಆಮೇಲೆ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗಲೂ ಆಟ ಉಳಿದರೆ ಕಿಂಗ್‌ಪಿನ್, ನಿಂತರೆ ವೀಲ್ ಬೇರಿಂಗ್. ಹಳೇ ಬೇರಿಂಗ್ ಕಪ್ಪಿನ ಮುಖದಲ್ಲಿ ರೋಲರ್ ಅಚ್ಚೊತ್ತಿ ಗೆರೆ ಬಿದ್ದಿರುತ್ತದೆ. ಶಿಮ್ (ಅಂತರ ಹೊಂದಿಸುವ ತೆಳು ತಗಡು) ತೆಗೆದು ಬಿಗಿಮಾಡಿದರೆ ಇದು ಹೋಗುವುದಿಲ್ಲ, ನಾಲ್ಕನ್ನೂ ಕಪ್ ಸಹಿತ ಬದಲಿಸಬೇಕು. ಕೂಡಿಸುವಾಗ ಹಿಂಬದಿಯ ಆಯಿಲ್ ಸೀಲ್ ಹಾಕದೆ, ಸ್ಟೇರಿಂಗ್ ನಕಲ್ (ಚಕ್ರ ಕೂರುವ, ಕಿಂಗ್‌ಪಿನ್ ಮೇಲೆ ತಿರುಗುವ ಭಾಗ) ತೋಳಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಅದು 1.0ರಿಂದ 1.8 ಕಿಲೋ ನಡುವೆ ತಿರುಗಲು ಶುರುವಾಗಬೇಕು. ಕಡಿಮೆಯಾದರೆ ಶಿಮ್ ತೆಗೆಯಿರಿ, ಹೆಚ್ಚಾದರೆ ಸೇರಿಸಿ. ಬಿಚ್ಚಿದಾಗ ಒಳಗಿನ ಗ್ರೀಸ್ ತೆಳ್ಳಗೆ ಗಂಜಿಯಂತಾಗಿದ್ದರೆ ಡಿಫರೆನ್ಷಿಯಲ್ ಆಯಿಲ್ ಒಳ ಸೀಲ್ ದಾಟಿ ಬರುತ್ತಿದೆ, ಅದನ್ನೂ ಬದಲಿಸಿ. ಹಿಂದಿನ ಮಾಲೀಕರು ಪಟ್ಟಾ ಎತ್ತರಿಸಿದ್ದರೆ ಆಕ್ಸಲಿನ ಕ್ಯಾಸ್ಟರ್ ಕೋನ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ ಹೊಸ ಬೇರಿಂಗ್ ಹಾಕಿದರೂ ನಡುಕ ಉಳಿಯಬಹುದು.

ಪ್ರಶ್ನೆ: ಕೊಲ್ಹಾಪುರದ ಕಡೆಯ ಎಂಎಚ್ (ಮಹಾರಾಷ್ಟ್ರ) ನೋಂದಣಿಯ 1997ರ ಮಾರುತಿ ಜೆನ್ ಇದೆ. ಮಾಲೀಕರು ತೀರಿಕೊಂಡಿದ್ದಾರೆ, ಆರ್‌ಸಿ ಅವಧಿ ಮುಗಿದಿದೆ. ಮಗ 20 ಸಾವಿರಕ್ಕೆ ಕೊಡುತ್ತಾರಂತೆ. (ಬೆಳಗಾವಿಯ ಓದುಗರು)

ಕಾಗದ ಅವರೇ ಸರಿಮಾಡಿ ಕೊಟ್ಟರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ. ಕ್ರಮ ಇದು: ಮಗ ಮೊದಲು ಫಾರಂ 31ರಲ್ಲಿ ಗಾಡಿಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಬೇಕು. ಫಾರಂ 25ರಲ್ಲಿ ಅಲ್ಲೇ ನವೀಕರಣ ಆಗಬೇಕು, ಅದಕ್ಕೆ ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು. ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ). ಆಮೇಲೆ ನಿಮ್ಮ ಹೆಸರಿಗೆ ಫಾರಂ 29 ಮತ್ತು 30, ಕರ್ನಾಟಕದ ನಂಬರಿಗೆ ಫಾರಂ 27, ಜತೆಗೆ ಇಲ್ಲಿಯ ತೆರಿಗೆ. ಸಾಲ ಇದ್ದ ಗಾಡಿಯಾದರೆ ಫಾರಂ 35 ಕೂಡ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. ತಡಮಾಡಿದ ಪ್ರತಿ ತಿಂಗಳಿಗೆ 500 ರೂಪಾಯಿಯ ನಿಯಮವೂ ಇರುವುದರಿಂದ, ಬಾಕಿ ಎಷ್ಟೆಂದು ಆರ್‌ಟಿಓದಲ್ಲಿ ಕೇಳಿಕೊಂಡೇ ಮುಂಗಡ ಕೊಡಿ. ಬಾಕಿಯೇ ಗಾಡಿಯ ಬೆಲೆ ಮೀರಬಹುದು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿಯೊಡನೆ ಒಂದೊಂದೇ ಅಕ್ಷರ ಹೋಲಿಸಿ. ತುಕ್ಕಿನಿಂದ ಒಂದು ಅಕ್ಷರ ಅಳಿಸಿದ್ದರೂ ತಪಾಸಣೆಯಲ್ಲಿ ಗಾಡಿ ನಿಲ್ಲುತ್ತದೆ.

ಪ್ರಶ್ನೆ: 800ಗೆ 13 ಇಂಚಿನ ಅಲಾಯ್ ಹಾಕಬಹುದೇ? (ತುಮಕೂರಿನ ಓದುಗರು)

ಬೇಡ. 145/70 ಆರ್12 ಟೈರಿನ ಎತ್ತರ ಸುಮಾರು 508 ಮಿ.ಮೀ. 155/65 ಆರ್13 ಹಾಕಿದರೆ 532 ಆಗುತ್ತದೆ. ಪಿಕಪ್ ಇಳಿಯುತ್ತದೆ, ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಪೂರ್ತಿ ತಿರುಗಿಸಿದಾಗ ಟೈರ್ ಉಜ್ಜಬಹುದು. ಆ ದುಡ್ಡಿಗೆ ನಾಲ್ಕು ಹೊಸ 12 ಇಂಚಿನ ಟೈರ್ ತನ್ನಿ. ಪಕ್ಕೆಯ ಮೇಲಿನ ನಾಲ್ಕು ಅಂಕಿ ನೋಡಿ: 1825 ಎಂದಿದ್ದರೆ 2025ರ 18ನೇ ವಾರದ್ದು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ 1990ರ ಮಾಜ್ದಾ ಮಿಯಾಟಾ ಅಗ್ಗಕ್ಕೆ ಸಿಗುತ್ತಿದೆ. ಏನು ನೋಡಬೇಕು?

ನಿಮ್ಮಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವುದರಿಂದ ಕುಂದಾಪುರದವರಿಗೆ ಹೇಳಿದ್ದೆಲ್ಲ ನಿಮಗೂ ಅನ್ವಯ. ಮಿಯಾಟಾದಲ್ಲಿ ತುಕ್ಕು ಹಿಡಿಯುವುದು ಹಿಂದಿನ ಚಕ್ರದ ಮುಂದೆ, ರನ್ನಿಂಗ್ ಬೋರ್ಡ್ ಮುಗಿಯುವ ಕಡೆ, ಒಳಗಿನಿಂದ. ಬಟ್ಟೆ ಟಾಪಿನ ನೀರು ಸೀಟಿನ ಹಿಂದಿನ ಎರಡು ಕೊಳವೆಗಳಲ್ಲಿ ಇಳಿಯುತ್ತದೆ. ಅವು ಎಲೆಯಿಂದ ಕಟ್ಟಿಕೊಂಡರೆ ನೀರು ಟೊಳ್ಳಿಗೆ ಸೇರುತ್ತದೆ. ಒಂದು ಲೋಟ ನೀರು ಹೊಯ್ದು ಕೆಳಗೆ ಸುರಿಯುತ್ತದೆಯೇ ನೋಡಿ. ಕಟ್ಟಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ಪ್ಲಾಸ್ಟಿಕ್ ದಾರದಿಂದ ಬಿಡಿಸಿ, ಕಬ್ಬಿಣದ ತಂತಿ ಕೊಳವೆ ಹರಿಯುತ್ತದೆ.

ಎಂಜಿನ್ನಿನಲ್ಲಿ ಕ್ರ್ಯಾಂಕ್ ಪುಲ್ಲಿ ನೋಡಿ. 1990 ಮತ್ತು 1991ರ ಮೊದಲ ಭಾಗದ 1.6 ಲೀಟರ್ ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಮೂಗು (ಪುಲ್ಲಿ ಕೂರುವ ತುದಿ) ಗಿಡ್ಡ. ಪುಲ್ಲಿ ಮುಖದಲ್ಲಿ ನಾಲ್ಕು ಸೀಳಿದ್ದರೆ ಗಿಡ್ಡ ಮೂಗಿನದು, ಎಂಟಿದ್ದರೆ ಆಮೇಲಿನದು. ಗಿಡ್ಡ ಮೂಗಿನದರಲ್ಲಿ ಬೋಲ್ಟ್ ಸಡಿಲಾದರೆ ಕೀ ಜಾಗ ಸವೆದು ಟೈಮಿಂಗ್ ತಪ್ಪುತ್ತದೆ. ಎಂಜಿನ್ ಓಡುವಾಗ ಪುಲ್ಲಿ ಓಲಾಡಿದರೆ ಬಿಟ್ಟುಬಿಡಿ. ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ.

ಪ್ರಶ್ನೆ: ಅಜ್ಜನ 1984ರ ಮಾರುತಿ 800 ಹದಿನೈದು ವರ್ಷದಿಂದ ಕೊಟ್ಟಿಗೆಯಲ್ಲಿದೆ. ಹೇಗೆ ಎಬ್ಬಿಸುವುದು? ಇದು ವಿಂಟೇಜ್ ಆಗುತ್ತದೆಯೇ? (ಸಾಗರದ ಓದುಗರು)

ನಿಮ್ಮದು 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ರೂಪ, ಎಸ್‌ಎಸ್80. 1986ರಲ್ಲಿ ಬಾಡಿಯೇ ಬದಲಾಯಿತು. ಹಾಗಾಗಿ ಎಂಜಿನ್ ಭಾಗ ಸಿಕ್ಕರೂ ಗಾಜು, ದೀಪ, ಬಂಪರ್ ಸಿಗುವುದು ಬಹಳ ಕಷ್ಟ. ಒಡೆದ ಚೂರನ್ನೂ ಎಸೆಯಬೇಡಿ.

ಸೆಲ್ಫ್ ಹೊಡೆಯುವ ಆತುರ ಬೇಡ. ಪ್ಲಗ್ ಮೂರನ್ನೂ ಬಿಚ್ಚಿ, ಪ್ರತಿ ಸಿಲಿಂಡರಿಗೆ ಎರಡು ಚಮಚ ಎಂಜಿನ್ ಆಯಿಲ್ ಹಾಕಿ ಎರಡು ದಿನ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಿಂದಲೇ ತಿರುಗಿಸಿ. ಬಿಗಿಯಾದರೆ ಜುಲುಮೆ ಮಾಡದೆ ಇನ್ನಷ್ಟು ಆಯಿಲ್ ಹಾಕಿ ಕಾಯಿರಿ. ಸಲೀಸಾಗಿ ತಿರುಗಿದ ಮೇಲೆ ಟೈಮಿಂಗ್ ಬೆಲ್ಟ್ ಬದಲಿಸಿ. ಓಡದೆ ನಿಂತರೂ ರಬ್ಬರ್ ಮುಪ್ಪಾಗುತ್ತದೆ. ಟ್ಯಾಪೆಟ್ ಗ್ಯಾಪನ್ನು (ವಾಲ್ವ್ ತುದಿಯ ಸಂದನ್ನು) ಎಂಜಿನ್ ತಣ್ಣಗಿರುವಾಗ 0.15 ಮಿ.ಮೀ.ಗೆ ಇಡಿ. ಹಳೇ ಆಯಿಲ್ ಇಳಿಸಿ 20ಡಬ್ಲ್ಯೂ-40 ತುಂಬಿ. ಟ್ಯಾಂಕ್ ಇಳಿಸಿ ತೊಳೆಯುವವರೆಗೆ ಒಂದು ಬಾಟಲಿಯ ಹೊಸ ಪೆಟ್ರೋಲಿನಿಂದ ಓಡಿಸಿ, ಟ್ಯಾಂಕಿನ ತುಕ್ಕು ಕಾರ್ಬ್ಯುರೇಟರಿಗೆ ಹೋಗಬಾರದು. ಫೈರಿಂಗ್ ಕ್ರಮ 1-3-2. ಓಡಿದ ಮೇಲೆ ಕಂಪ್ರೆಷನ್ ಅಳೆಯಿರಿ. ಸಿಲಿಂಡರುಗಳ ನಡುವೆ ಚದರ ಸೆಂ.ಮೀ.ಗೆ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಇರುವುದಕ್ಕೆ ಒಂದು ಚಮಚ ಆಯಿಲ್ ಹಾಕಿದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಬ್ರೇಕಿನ ಮಾಸ್ಟರ್ ಸಿಲಿಂಡರ್ ಮತ್ತು ವೀಲ್ ಸಿಲಿಂಡರ್‌ಗಳ ರಬ್ಬರ್, ಹೋಸ್ ಪೈಪು, ಫ್ಲೂಯಿಡ್ ಬದಲಾಗುವವರೆಗೆ ಗಾಡಿ ಕೊಟ್ಟಿಗೆ ದಾಟಬಾರದು.

2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿ ವಿಂಟೇಜ್. ನಿಮ್ಮದಕ್ಕೆ 2034ರಲ್ಲಿ ಆ ಅರ್ಹತೆ ಬರುತ್ತದೆ. ಆದರೆ ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಇರಬಾರದು ಎಂಬ ಷರತ್ತಿದೆ. ಓಮ್ನಿಯ ಎಂಜಿನ್ ಇಳಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಇರುವ ಬ್ಲಾಕನ್ನೇ ರೀಬೋರ್ ಮಾಡಿಸಿ. ಬಿಚ್ಚಿದ ಮೂಲ ಭಾಗಗಳಿಗೆ ಚೀಟಿ ಕಟ್ಟಿ, ಆಯಿಲ್ ಸವರಿ, ಒಂದು ಟ್ರಂಕಿನಲ್ಲಿ ಗಾಡಿಯ ಜತೆಗೇ ಇಡಿ.